ಮುನ್ನುಡಿ ಅಂಟಿತು, ಪೀಠಿಕೆ ಅಂಟಲಿಲ್ಲ

ಹನ್ನೊಂದು ದಿನದ ಗುದ್ದಾಟ ಇವತ್ತು ಬೆಳಗ್ಗೆ ಮುಗಿಯಿತು. 38 ಫೈಲ್‌ಗಳೂ ಲಿನಕ್ಸ್‌ನ ಪ್ಲಾಸ್ಮಾ ಡೆಸ್ಕ್‌ಟಾಪಿನಲ್ಲಿ ತಮ್ಮ ತಮ್ಮ ಆಕ್ಟಿವಿಟಿಗೆ (ಒಂದೊಂದು ಕೆಲಸಕ್ಕೆ ಮೀಸಲಾದ ಜಾಗಕ್ಕೆ) ಅಂಟಿಕೊಂಡು ಕೂತಿವೆ. ಖುಷಿ ಬಿಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಫೈಲ್‌ಗಳಿಗೆ ಕನ್ನಡದಲ್ಲಿ ಹೆಸರಿಡುವವರಿಗೆ ಈ ತೊಂದರೆ ಒಂದಲ್ಲ ಒಂದು ದಿನ ಎದುರಾಗುತ್ತದೆ.

ಪ್ಲಾಸ್ಮಾ 6ರಲ್ಲಿ ಮೂರು ಆಕ್ಟಿವಿಟಿ ಮಾಡಿಕೊಂಡಿದ್ದೇನೆ: ಅನುವಾದ, ಪದಕೋಶ, ಮನೆ ಲೆಕ್ಕ. ವರ್ಚುವಲ್ ಡೆಸ್ಕ್‌ಟಾಪ್ ಸಾಕಲ್ವಾ ಅನ್ನಬಹುದು. ನನಗೆ ಸಾಲಲಿಲ್ಲ. ಅದು ತೆರೆದ ಕಿಟಕಿಗಳನ್ನಷ್ಟೇ ಬೇರೆ ಮಾಡುತ್ತದೆ, ಕಿಟಕಿ ಮುಚ್ಚಿದರೆ ಸಂಬಂಧ ಮುಗಿಯಿತು. ಆಕ್ಟಿವಿಟಿಯಲ್ಲಿ ಫೈಲನ್ನೇ ಕಟ್ಟಿ ಹಾಕಬಹುದು. ಫೋಲ್ಡರ್ ವ್ಯೂನಲ್ಲಿ ಆ ಆಕ್ಟಿವಿಟಿಯ ಫೈಲ್‌ಗಳನ್ನು ಮಾತ್ರ ತೋರಿಸು ಅಂದರೆ, ಅನುವಾದಕ್ಕೆ ಕೂತಾಗ ಮನೆ ಲೆಕ್ಕ ಕಣ್ಣಿಗೇ ಬೀಳುವುದಿಲ್ಲ. ನನ್ನ ಮಟ್ಟಿಗೆ ಇದು ದೊಡ್ಡ ನೆಮ್ಮದಿ.

ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ಒಂದೊಂದೇ ಫೈಲಿಗೆ ರೈಟ್ ಕ್ಲಿಕ್ ಮಾಡಿ ಕಟ್ಟಬಹುದಿತ್ತು. ಆದರೆ ನಾಳೆ ಇನ್ನೊಂದು ಕಂಪ್ಯೂಟರಿನಲ್ಲೂ ಇದೇ ಜೋಡಣೆ ಬೇಕು. ಹಾಗಾಗಿ ಆಕ್ಟಿವಿಟಿಗೊಂದು ಪಟ್ಟಿ ಬರೆದೆ, ಸಾಲಿಗೊಂದು ಫೈಲಿನ ಹೆಸರು. ಪೈಥಾನ್ ಸ್ಕ್ರಿಪ್ಟ್ ಆ ಪಟ್ಟಿ ಓದಿ, ಪ್ರೋಗ್ರಾಂಗಳು ಪರಸ್ಪರ ಮಾತಾಡಿಕೊಳ್ಳುವ ಡಿ-ಬಸ್ ಮೂಲಕ ಆಕ್ಟಿವಿಟಿ ಮ್ಯಾನೇಜರಿಗೆ ಹೇಳುತ್ತದೆ. ಓಡಿಸಿದೆ. 23 ಫೈಲ್ ಅಂಟಿದವು. 15 ಅಂಟಲಿಲ್ಲ. ಯಾಕೆ ಅಂತ ಒಂದು ಮಾತೂ ಇಲ್ಲ.

ಮೊದಲ ಅನುಮಾನ ಈ ಫೈಲ್‌ಗಳಿರುವ ಹೊರಗಿನ ಡಿಸ್ಕಿನ ಮೇಲೆ. ಆ ಡಿಸ್ಕಿನ ಕೇಸ್ ಕಳಿಸಿದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಕೇಬಲ್ ಸಡಿಲ. ಮೇಜು ಅಲುಗಿದರೆ ಡಿಸ್ಕ್ ಕಳಚಿಕೊಳ್ಳುತ್ತದೆ. ಮತ್ತೆ ಸೇರಿಕೊಳ್ಳುವಾಗ ಹಳೆಯ ಫೋಲ್ಡರ್ ಅಲ್ಲೇ ಉಳಿದಿದ್ದರೆ, ಹೆಸರಿನ ಕೊನೆಗೆ ಒಂದು 1 ಸೇರಿಸಿಕೊಂಡು ಬರುತ್ತದೆ. ಆಕ್ಟಿವಿಟಿಯ ಕೊಂಡಿ ಪೂರ್ತಿ ದಾರಿಯನ್ನೇ ನೆನಪಿಟ್ಟುಕೊಳ್ಳುವುದರಿಂದ, ಆ ಒಂದು ಅಂಕಿ ಸಾಕು ಎಲ್ಲವೂ ಹಾಳಾಗಲು. ಬದಲಿ ಕೇಬಲ್ ಕೇಳಿ ಮೂರು ಸಲ ಬರೆದೆ, ಮೂರು ಸಲವೂ ಒಂದೇ ಸಿದ್ಧ ಉತ್ತರ. ಕೊನೆಗೆ ಡಿಸ್ಕಿನ ಗುರುತು ಸಂಖ್ಯೆ (ಯುಯುಐಡಿ) ಹಿಡಿದು, ಡಿಸ್ಕುಗಳ ಜಾಗ ಹೇಳುವ ಎಫ್‌ಎಸ್‌ಟ್ಯಾಬ್‌ನಲ್ಲಿ ಸ್ಥಿರ ಜಾಗ ಕೊಟ್ಟೆ. ಆ ಕಾಟ ತಪ್ಪಿತು. ಆದರೂ 15 ಫೈಲ್ ಅಂಟಲಿಲ್ಲ.

ಅನುಮತಿ ನೋಡಿದೆ, ಸರಿ ಇತ್ತು. ಹೆಸರಿನಲ್ಲಿನ ಖಾಲಿ ಜಾಗ ತೆಗೆದೆ, ಫಲ ಇಲ್ಲ. ಆಕ್ಟಿವಿಟಿ ಮ್ಯಾನೇಜರ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದೆ. ಆಮೇಲೆ ಅದರ ಎಸ್‌ಕ್ಯೂಲೈಟ್ ಡೇಟಾಬೇಸಿನ ಪ್ರತಿ ಮಾಡಿಕೊಂಡು, ಕೊಂಡಿಗಳಿರುವ ರಿಸೋರ್ಸ್‌ಲಿಂಕ್ ಟೇಬಲ್ ತೆರೆದೆ. ಯಾರಾದರೂ ಅಲ್ಲಿ ಇಣುಕುವುದಾದರೆ ಒಂದು ಮಾತು: 'ಟಾರ್ಗೆಟ್ಟೆಡ್ ರಿಸೋರ್ಸ್' ಕಾಲಂನ ಹೆಸರಿನಲ್ಲಿ ಇಂಗ್ಲಿಷಿನ ಟಿ ಅಕ್ಷರ ನಡುವೆ ಎರಡು ಸಲ ಇದೆ. ಒಂದೇ ಹಾಕಿದರೆ ಅಂಥ ಕಾಲಂ ಇಲ್ಲ ಎಂಬ ಉತ್ತರ ಬರುತ್ತದೆ. ಟೇಬಲಿನಲ್ಲಿ 23 ಸಾಲು ಇದ್ದವು. ಉಳಿದ 15ರ ಸುಳಿವೇ ಇಲ್ಲ.

ಆಗ ಎರಡು ಗುಂಪಿನ ಹೆಸರುಗಳನ್ನೂ ಕಾಗದದ ಮೇಲೆ ಬರೆದೆ. ಅಂಟಿದವು: ಕರಡು, ಟಿಪ್ಪಣಿ, ಮುನ್ನುಡಿ, ಅಧ್ಯಾಯ, ಸೂಚಿ, ಮೌಲ್ಯಮಾಪನ. ಅಂಟದವು: ಲೇಖನ, ಪೀಠಿಕೆ, ಕೈಪಿಡಿ, ಕೋಶ, ಕೊನೆಯ ಪ್ರತಿ. ಮುನ್ನುಡಿ ಒಳಗೆ, ಪೀಠಿಕೆ ಹೊರಗೆ! ಅರ್ಥ ಒಂದೇ, ಫೋಲ್ಡರ್ ಒಂದೇ. ಹಾಗಾದರೆ ವ್ಯತ್ಯಾಸ ಅಕ್ಷರದಲ್ಲೇ ಇರಬೇಕು.

ಡಾಲ್ಫಿನ್‌ನಿಂದ 'ಲೇಖನ' ಎಂಬ ಹೆಸರನ್ನು ಕಾಪಿ ಮಾಡಿ ಪಟ್ಟಿಗೆ ಅಂಟಿಸಿದೆ. ಸ್ಕ್ರಿಪ್ಟ್ ಓಡಿತು, ಕೊಂಡಿ ಬಿತ್ತು. ಅದನ್ನೇ ಅಳಿಸಿ ಕೈಯಿಂದ ಟೈಪ್ ಮಾಡಿದೆ. ಬೀಳಲಿಲ್ಲ. ಎರಡನ್ನೂ ಪಕ್ಕದಲ್ಲಿಟ್ಟು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಒಂದೇ ಥರ. ಬೈಟ್‌ಗಳನ್ನು ಬಿಡಿಬಿಡಿಯಾಗಿ ತೋರಿಸುವ ಎಕ್ಸ್‌ಎಕ್ಸ್‌ಡಿಗೆ ಹಾಕಿದ ಮೇಲೆ ಗುಟ್ಟು ಹೊರಬಿತ್ತು. ನಾನು ಟೈಪ್ ಮಾಡಿದ 'ಲೇಖನ' 12 ಬೈಟ್. ಡಿಸ್ಕಿನಲ್ಲಿದ್ದ 'ಲೇಖನ' 15 ಬೈಟ್. ನನ್ನದರಲ್ಲಿ ಏತ್ವ ಒಂದೇ ಚಿಹ್ನೆ, ಅದರ ಕೊನೆಯ ಬೈಟ್ 87. ಡಿಸ್ಕಿನದರಲ್ಲಿ ಎರಡು ಚಿಹ್ನೆ: 86ರಲ್ಲಿ ಮುಗಿಯುವ ಎತ್ವ, ಅದರ ಬೆನ್ನಿಗೆ 95ರಲ್ಲಿ ಮುಗಿಯುವ ದೀರ್ಘ.

ಅಂದರೆ ನಾವು ಕಾಗುಣಿತ ಕಲಿತ ಹಾಗೆಯೇ! ಗುಡಿಸಿಗೆ ದೀರ್ಘ ಸೇರಿದರೆ ಕೀ, ಎತ್ವಕ್ಕೆ ದೀರ್ಘ ಸೇರಿದರೆ ಕೇ. ಯೂನಿಕೋಡ್ ಎರಡೂ ರೂಪಗಳನ್ನು ಒಪ್ಪುತ್ತದೆ, ಎರಡೂ ಸಮ ಅನ್ನುತ್ತದೆ. ಕೂಡಿಸಿ ಬರೆದರೆ ಎನ್‌ಎಫ್‌ಸಿ, ಬಿಡಿಸಿ ಬರೆದರೆ ಎನ್‌ಎಫ್‌ಡಿ. ಕನ್ನಡದಲ್ಲಿ ಹೀಗೆ ಬಿಡಿಸಲು ಬರುವ ಸ್ವರ ಚಿಹ್ನೆಗಳು ಐದೇ: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿರುವವು. ಔತ್ವ ಬಿಡಿಸಲು ಬರುವುದಿಲ್ಲ, ಅದಕ್ಕೇ 'ಮೌಲ್ಯಮಾಪನ' ಆರಾಮಾಗಿ ಅಂಟಿತ್ತು. 15 ಹೆಸರನ್ನೂ ಪರೀಕ್ಷಿಸಿದೆ. ಪ್ರತಿಯೊಂದರಲ್ಲೂ ಈ ಐದರಲ್ಲಿ ಒಂದು ಇತ್ತು. ಎಷ್ಟು ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆನೋ.

ಈ ಫೈಲ್‌ಗಳು ಬಂದದ್ದು ಒಂದು ಹಳೆಯ ಮ್ಯಾಕ್‌ನಿಂದ, ಜಿಪ್ ಆಗಿ. ಅಲ್ಲಿನ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಂ ಹೆಸರುಗಳನ್ನು ಬಿಡಿಸಿ ಉಳಿಸುತ್ತದೆ. ನನ್ನ ಎಕ್ಸ್‌ಟಿ4 ಹೆಸರನ್ನು ಬರೀ ಬೈಟ್‌ಗಳ ಸಾಲು ಅಂತ ನೋಡುತ್ತದೆ. 12 ಬೇರೆ, 15 ಬೇರೆ, ಅಷ್ಟೇ. ನಡುವೆ ಫಾಂಟ್ ಎರಡನ್ನೂ ಒಂದೇ ಚೆಂದದಲ್ಲಿ ಬರೆದು ತೋರಿಸುತ್ತದೆ.

ಪರಿಹಾರಕ್ಕೆ ಫೈಲ್ ಹೆಸರುಗಳ ರೂಪ ಬದಲಿಸುವ ಕನ್ವ್‌ಎಂವಿ ಸಾಕಾಯಿತು, ಎನ್‌ಎಫ್‌ಸಿ ಆಯ್ಕೆ ಕೊಟ್ಟು. ಮೊದಲು ಅದು ಏನೂ ಬದಲಿಸದೆ, ಏನು ಮಾಡಲಿದೆ ಅಂತ ಮಾತ್ರ ತೋರಿಸುತ್ತದೆ. ಆ ಪಟ್ಟಿಯನ್ನು ಓದದೆ ಮುಂದೆ ಹೋಗಬೇಡಿ. 'ನೋಟೆಸ್ಟ್' ಆಯ್ಕೆ ಹಾಕಿದ ಮೇಲೆಯೇ ನಿಜಕ್ಕೂ ಹೆಸರು ಬದಲಾಗುವುದು. ಸ್ಕ್ರಿಪ್ಟನ್ನೂ ತಿದ್ದಿದೆ. ಈಗ ಅದು ಪಟ್ಟಿಯ ಹೆಸರನ್ನು ನೇರವಾಗಿ ನಂಬುವುದಿಲ್ಲ. ಫೋಲ್ಡರ್ ಓದಿ, ಎರಡೂ ಕಡೆಯ ಹೆಸರನ್ನು ಪೈಥಾನಿನ ಯೂನಿಕೋಡ್‌ಡೇಟಾದಿಂದ ಎನ್‌ಎಫ್‌ಸಿ ಮಾಡಿ ಹೋಲಿಸಿ, ಡಿಸ್ಕಿನಲ್ಲಿ ಇರುವ ಹೆಸರನ್ನೇ ಡಿ-ಬಸ್‌ಗೆ ಕೊಡುತ್ತದೆ. ಸಿಗದಿದ್ದರೆ ಜೋರಾಗಿ ದೂರು ಹೇಳುತ್ತದೆ. ನಿಜ ಹೇಳಬೇಕೆಂದರೆ ಹೆಸರು ಬದಲಿಸುವುದಕ್ಕಿಂತ ಈ ತಿದ್ದುಪಡಿಯೇ ಮುಖ್ಯ. ನಾಳೆ ಮತ್ತೊಂದು ಜಿಪ್ ಬಂದೇ ಬರುತ್ತದೆ.

ಇದರ ನಡುವೆ ಮುಂದಿನ ಕೆಲಸವೂ ತಲೆ ಹೊಕ್ಕಿದೆ. ಆಕ್ಟಿವಿಟಿಗೆ ಕಾಲಿಟ್ಟ ಕೂಡಲೇ ನಿನ್ನೆ ಬಿಟ್ಟ ಫೈಲ್ ತಾನಾಗಿ ತೆರೆಯಬೇಕು. ಸ್ಕ್ರಿಪ್ಟ್ ಇಡಲು ಪ್ರತಿ ಆಕ್ಟಿವಿಟಿಗೂ ಜಾಗ ಇದೆ. ತೊಡಕು ಲಿಬ್ರೆಆಫೀಸಿನದು. ಅದು ಒಂದೇ ಪ್ರೊಸೆಸ್ ಇಟ್ಟುಕೊಂಡು ಎಲ್ಲ ಫೈಲ್‌ಗಳನ್ನೂ ಅದಕ್ಕೇ ಒಪ್ಪಿಸುತ್ತದೆ. ಹಾಗಾಗಿ ಯಾವ ಕಿಟಕಿ ಯಾರದ್ದು ಅಂತ ಪ್ರೊಸೆಸ್ ನಂಬರಿನಿಂದ ತಿಳಿಯುವುದಿಲ್ಲ. ಆಕ್ಟಿವಿಟಿಗೊಂದು ಬೇರೆ ಪ್ರೊಫೈಲ್ ಕೊಟ್ಟು ನೋಡಬೇಕು.

ಅದಕ್ಕೆ ಮೊದಲು ಒಂದು ಬಾಕಿ ಇದೆ. ಬೇರೊಂದು ಫೋಲ್ಡರಿನಲ್ಲಿ ಕನ್ವ್‌ಎಂವಿ ಹೆಸರು ಬದಲಿಸದೆ ನಿಂತುಬಿಟ್ಟಿತು, ಆ ಹೆಸರಿನ ಫೈಲ್ ಆಗಲೇ ಇದೆ ಅಂತ. ತೆರೆದು ನೋಡಿದರೆ ಎರಡು 'ಲೇಖನ'. ಒಂದು ಜಿಪ್‌ನಿಂದ ಬಂದದ್ದು, ಇನ್ನೊಂದು ನಾನೇ ಯಾವಾಗಲೋ ಸೇವ್ ಮಾಡಿದ್ದು. ಒಂದು 41 ಕೆಬಿ, ಇನ್ನೊಂದು 44. ತಿಂಗಳುಗಟ್ಟಲೆ ಕಣ್ಣೆದುರೇ ಅವಳಿಗಳ ಹಾಗೆ ಕೂತಿದ್ದವು. ಇವತ್ತು ಸಂಜೆ ಎರಡನ್ನೂ ಅನುವಾದದ ಆಕ್ಟಿವಿಟಿಯಲ್ಲಿ ಪಕ್ಕಪಕ್ಕ ತೆರೆದು, ಸಾಲು ಸಾಲಾಗಿ ಓದಲು ಕೂರುತ್ತಿದ್ದೇನೆ.