ಕಂಡದ್ದು ಎಡಕ್ಕೆ, ಅಂದುಕೊಂಡದ್ದು ಬಲಕ್ಕೆ

ಬೇಸಾಯಶಾಸ್ತ್ರದ ನಮ್ಮ ಸರ್ ಹೊಲದ ವಹಿಯ ಪ್ರತಿ ಪುಟದ ನಡುವೆ ಉದ್ದಕ್ಕೆ ಒಂದು ಗೆರೆ ಎಳೆಸುತ್ತಿದ್ದರು. ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಅಂದುಕೊಂಡದ್ದು’. ಗೆರೆ ಇಲ್ಲದ ವಹಿಗೆ ಸಹಿ ಹಾಕುತ್ತಿರಲಿಲ್ಲ. ಧಾರವಾಡದಲ್ಲಿ ಕೃಷಿ ಪದವಿ ಓದುವಾಗ ಕಲಿತದ್ದರಲ್ಲಿ ಬಹಳಷ್ಟು ಈಗ ಮರೆತಿದೆ. ಕಳೆ ಗಿಡಗಳ ಲ್ಯಾಟಿನ್ ಹೆಸರುಗಳಂತೂ ಒಂದೂ ಸರಿಯಾಗಿ ನೆನಪಿಲ್ಲ. ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ಹೊಳೆದದ್ದು ಆ ಗೆರೆಯೇ.

ಯಾರಾದರೂ ‘ಸಾರಜನಕ ಕಡಿಮೆ ಇದೆ’ ಅಂತ ಎಡಕ್ಕೆ ಬರೆದರೆ ಸರ್ ಅದನ್ನು ಹೊಡೆಸಿ ಬಲಕ್ಕೆ ಬರೆಸುತ್ತಿದ್ದರು. “ಸಾರಜನಕ ನಿನ್ನ ಕಣ್ಣಿಗೆ ಕಾಣ್ತೇನಪಾ? ಏನ್ ಕಂಡೆ, ಅಷ್ಟ ಬರಿ.” ಕಂಡದ್ದು, ಎಲೆ ಹಳದಿಯಾಗಿದೆ. ಅಷ್ಟೂ ಸಾಲದು. ಯಾವ ಎಲೆ? ಕೆಳಗಿನ ಹಳೆ ಎಲೆಯೋ, ತುದಿಯ ಎಳೆ ಎಲೆಯೋ? ಸಾರಜನಕ ಸಾಲದಿದ್ದರೆ ಗಿಡ ಹಳೆ ಎಲೆಯಲ್ಲಿ ಇದ್ದದ್ದನ್ನೇ ಎಳೆದು ಹೊಸ ಎಲೆಗೆ ಕೊಡುತ್ತದೆ. ಹಾಗಾಗಿ ಮೊದಲು ಹಳದಿಯಾಗುವುದು ಕೆಳಗಿನ ಎಲೆ. ಕಬ್ಬಿಣ ಗಿಡದೊಳಗೆ ಹಾಗೆ ಓಡಾಡುವುದಿಲ್ಲ. ಅದು ಕಡಿಮೆಯಾದರೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಸುಣ್ಣದಂಶ ಜಾಸ್ತಿ ಇರುವ ಕಪ್ಪು ನೆಲದ ಶೇಂಗಾ ಹೊಲದಲ್ಲಿ ಇದನ್ನು ನೋಡಬಹುದು. ಇನ್ನು ಬೇರಿನ ಬುಡದಲ್ಲಿ ನೀರು ನಿಂತರೂ ಬೆಳೆ ಹಳದಿಯಾಗುತ್ತದೆ. ಇಷ್ಟನ್ನೂ ನೋಡದೆ ಬಾಯಿಗೆ ಬಂದ ಕಾರಣ ಹೇಳಿದರೆ, ನಮ್ಮ ಮಾತು ನಂಬಿದ ರೈತ ಸುಮ್ನೆ ಒಂದು ಚೀಲ ಯೂರಿಯಾ ಸುರಿದು ಬರುತ್ತಾನೆ.

ಕೊನೆಯ ವರ್ಷ ‘ರಾವೆ’ ಬಂತು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಪೂರ್ತಿ ಹೆಸರು, ಆದರೆ ಹಾಗೆ ಯಾರೂ ಕರೆಯುವುದಿಲ್ಲ. ಊರಲ್ಲೇ ಉಳಿದು ರೈತರ ಜೊತೆ ಓಡಾಡಬೇಕು. ನಮ್ಮ ಗುಂಪಿಗೆ ಸಿಕ್ಕಿದ್ದು ನವಲಗುಂದ ತಾಲ್ಲೂಕಿನ ಒಂದು ಊರು. ಬೆಣ್ಣಿಹಳ್ಳದ ಆಸುಪಾಸಿನ ಎರೆ, ಅಂದರೆ ಕಪ್ಪು ಮಣ್ಣಿನ ಭೂಮಿ. ಮಳೆಯಾದರೆ ಚಪ್ಪಲಿ ಸಮೇತ ಕಾಲು ಹಿಡಿದುಕೊಳ್ಳುವ ಮಣ್ಣು, ಒಣಗಿದರೆ ಕೈ ಇಳಿಯುವಷ್ಟು ಬಿರುಕು. ಅಲ್ಲಿ ಹಿಂಗಾರಿ ಜೋಳವನ್ನು ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನ ತನಕ ಬಿತ್ತುತ್ತಾರೆ. ಆಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬೆಳೆ ಬದುಕುವುದು ನೆಲ ಕುಡಿದಿಟ್ಟುಕೊಂಡ ನೀರಿನ ಮೇಲೆ.

ನಮ್ಮ ಗುಂಪಿನ ಗೆಳೆಯನೊಬ್ಬ ಮೊದಲ ವಾರದಲ್ಲೇ ರೈತರ ತಪ್ಪುಗಳ ಪಟ್ಟಿ ಮಾಡಿದ್ದ. ತುಂಬಾ ಜಾಣ, ಕೆಲಸದಲ್ಲಿ ಶ್ರದ್ಧೆ ಇದ್ದವನು. ಹೊಲದಲ್ಲಿ ಕಳೆಯೇ ಇಲ್ಲ, ಆದರೂ ಎತ್ತು ಕಟ್ಟಿ ಎಡೆ ಹೊಡೆಯುತ್ತಿದ್ದಾರೆ, ಅಂದರೆ ಬೆಳೆಸಾಲುಗಳ ನಡುವೆ ಕುಂಟೆ ಆಡಿಸಿ ಮಣ್ಣು ಕೆದಕುತ್ತಿದ್ದಾರೆ, ಇದು ದಂಡದ ಖರ್ಚು ಅಂತ ಅವನು ಬರೆದ. ಸಂಜೆ ಸರ್ ಅದನ್ನು ಓದಿ, “ಅವ್ರನ್ನ ಕೇಳಿಯೇನು?” ಅಂದರು. ಮರುದಿನ ಕೇಳಿದೆವು. ಎಡೆ ಹೊಡೆಯುತ್ತಿದ್ದ ಹಿರಿಯರೊಬ್ಬರು ಎತ್ತು ನಿಲ್ಲಿಸಿ ನೆಲ ತೋರಿಸಿದರು. “ಕಳೇಕ ಹೊಡಿತೀವಂತ ಯಾರ್ ಹೇಳಿದ್ರಿ? ಭೂಮಿ ಬಾಯಿ ಬಿಟ್ಟೈತಿ ನೋಡ್ರಿ. ಮುಚ್ಚಬೇಕಲ್ರಿ ಅದನ್ನ.” ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುತ್ತಾ ಕುಗ್ಗಿ ಬಿರಿಯುತ್ತದೆ. ಬಿರುಕಿನಿಂದ ಆಳದ ಹಸಿಯೂ ಆರಿ ಹೋಗುತ್ತದೆ, ಬೇರೂ ಹರಿದು ತುಂಡಾಗುತ್ತದೆ. ಕುಂಟೆ ಆಡಿಸಿದರೆ ಬಿರುಕಿಗೆ ಪುಡಿಮಣ್ಣು ಬೀಳುತ್ತದೆ, ಮೇಲೆ ಒಂದು ಸಡಿಲ ಪದರ ನಿಂತು ಕೆಳಗಿನ ಹಸಿಯನ್ನು ಕಾಯುತ್ತದೆ. ಇದೆಲ್ಲ ನಮ್ಮ ಪಾಠದಲ್ಲಿ ಇತ್ತು. ಪರೀಕ್ಷೆಯಲ್ಲಿ ಬರೆದು ಒಳ್ಳೆ ಅಂಕ ತಗೊಂಡವರೂ ನಮ್ಮಲ್ಲಿದ್ದರು. ಕಣ್ಣೆದುರು ನಡೆಯುವಾಗ ಯಾರಿಗೂ ಗುರುತು ಸಿಗಲಿಲ್ಲ.

ಜೋಳದ ಹೊಲದ ಅಂಚಿಗೆ ಕುಸುಬೆ ಹಾಕಿದ್ದೂ ಆ ಪಟ್ಟಿಯಲ್ಲಿ ಇತ್ತು. ಅದಕ್ಕೆ ಉತ್ತರ ಆ ಹೊಲದಲ್ಲಿ ನಡೆದವನ ಕಾಲಿಗೇ ಸಿಕ್ಕಿತು. ಕುಸುಬೆ ಮುಳ್ಳಿನ ಗಿಡ, ದನ ಒಳಗೆ ನುಗ್ಗುವುದಿಲ್ಲ. ಬೇಲಿಗೆ ಬೇಲಿ, ಎಣ್ಣೆಗೆ ಎಣ್ಣೆ.

ನನಗೆ ಎಲ್ಲಕ್ಕಿಂತ ಆಳವಾಗಿ ನಾಟಿದ್ದು ಕಡಲೆ ಹೊಲದಲ್ಲಿ ನಡೆದದ್ದು. ಬಿತ್ತಿ ತಿಂಗಳಾಗಿತ್ತು. ಹೆಣ್ಣುಮಕ್ಕಳು ಸಾಲಾಗಿ ಕೂತು ಗಿಡದ ತುದಿ ಚಿವುಟಿ ಉಡಿಗೆ ತುಂಬಿಕೊಳ್ಳುತ್ತಿದ್ದರು. ಅದೇ ಗೆಳೆಯ ದೂರದಿಂದಲೇ ಕೂಗಿದ, ಬೆಳೆ ಹಾಳು ಮಾಡಬೇಡ್ರಿ ಅಂತ. ಅವರು ನಕ್ಕರು. ಒಬ್ಬ ಅವ್ವ ಹತ್ತಿರ ಕರೆದು ಒಂದು ಗಿಡ ಹಿಡಿದು ತೋರಿಸಿದಳು. “ಕುಡಿ ಚೂಟಿದ್ರ ಟೊಂಗಿ ಜಾಸ್ತಿ ಒಡಿತಾವ ತಮ್ಮಾ. ಮನಿಗೆ ಪಲ್ಯಾನೂ ಆತು, ಗಿಡಾನೂ ಛಲೋ ಆತು.” ಕಡಲೆಯ ಕುಡಿ ಚಿವುಟಬೇಕು ಅನ್ನುವುದು ನಾವು ಓದಿದ್ದ ಶಿಫಾರಸೇ. ಆದರೆ ಆ ಕೆಲಸ ಹೆಣ್ಣುಮಕ್ಕಳ ಕೈಯಲ್ಲಿ, ಉಡಿಯ ಸೊಪ್ಪಿನ ರೂಪದಲ್ಲಿ ಕಾಣಿಸುತ್ತದೆ ಅಂತ ಯಾವ ಪುಟದಲ್ಲೂ ಇರಲಿಲ್ಲ. ಅವತ್ತು ರಾತ್ರಿ ಆ ಗೆಳೆಯ ವಹಿ ತೆಗೆದು ‘ಸೊಪ್ಪು ಕದಿಯುತ್ತಿದ್ದಾರೆ’ ಅಂತ ಎಡಕ್ಕೆ ಬರೆದಿದ್ದನ್ನು ಹೊಡೆದು ಬಲಕ್ಕೆ ಬರೆದ. ಹಾಳೆ ಹರಿದು ಹಾಕಲಿಲ್ಲ. ಅವನ ಬಗ್ಗೆ ನನ್ನ ಗೌರವ ಅವತ್ತು ಹೆಚ್ಚಾಯಿತು.

ಅದಾದ ಮೇಲೆ ಗುಡಿಯ ಕಟ್ಟೆಯಲ್ಲಿ ಕೂತಾಗ ಸರ್ ತಮ್ಮ ಕಥೆ ಹೇಳಿದರು. ನೌಕರಿಗೆ ಸೇರಿದ ಹೊಸದು. ಬೇರೆ ಜಿಲ್ಲೆ. ಹಿಂಗಾರಿ ಜೋಳಕ್ಕೆ ಬಿತ್ತಿದ ತಿಂಗಳಿಗೆ ಯೂರಿಯಾ ಮೇಲುಗೊಬ್ಬರ ಕೊಡಿ ಅಂತ ಒಬ್ಬ ರೈತರಿಗೆ ಹೇಳಿದ್ದರಂತೆ. ನೀರಾವರಿ ಇದ್ದಲ್ಲಿ ಅದು ಸರಿಯಾದ ಮಾತು. ಅಲ್ಲಿ ಬೆಳೆ ಮಳೆಯಾಶ್ರಿತ. ಅಷ್ಟೊತ್ತಿಗೆ ಮೇಲ್ಮಣ್ಣು ಒಣಗಿತ್ತು, ಹಸಿ ಕೆಳಗೆ ಸರಿದಿತ್ತು. ಗೊಬ್ಬರ ಮೇಲೆಯೇ ಕೂತಿತು, ಬೇರಿಗೆ ಮುಟ್ಟಲಿಲ್ಲ. ಇಂಥ ಹೊಲದಲ್ಲಿ ಗೊಬ್ಬರವನ್ನೆಲ್ಲ ಬಿತ್ತುವಾಗಲೇ ಹಸಿ ಮಣ್ಣಿಗೆ ಇಳಿಸಿಬಿಡಬೇಕು. ಸುಗ್ಗಿ ಮುಗಿದ ಮೇಲೆ ಸರ್ ಆ ರೈತರ ಮನೆ ಹುಡುಕಿಕೊಂಡು ಹೋಗಿ, ನಾನು ಹೇಳಿದ್ದು ತಪ್ಪಾಗಿತ್ತು ಅಂದರು. ಅವರು ಚಹಾ ಕೊಟ್ಟು ಹೇಳಿದ್ದು ಇಷ್ಟು: “ನಮಗ ಗೊತ್ತಿತ್ರಿ ಸಾಹೇಬ್ರ. ನೀವು ಕೇಳಲಿಲ್ಲ, ಕಲ್ತವ್ರು ಅಂತ ನಾವೂ ಹೇಳಲಿಲ್ಲ.” ವಹಿಯಲ್ಲಿ ಗೆರೆ ಎಳೆಯುವ ರೂಢಿ ಅಲ್ಲಿಂದ ಶುರುವಾಯಿತಂತೆ. ಪ್ರತಿ ಬ್ಯಾಚಿಗೂ ಈ ಕಥೆ ಹೇಳುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ದೊಡ್ಡ ಹುದ್ದೆಗೆ ಹೋದ ಮೇಲೂ ಹೇಳುವುದು ಬಿಡಲಿಲ್ಲ. ಅಷ್ಟು ಜನ ಎಳೆಯರ ಎದುರು ತಮ್ಮ ತಪ್ಪನ್ನು ಪಾಠ ಮಾಡಿ ಕೊಡುವುದು ಸಣ್ಣ ಕೆಲಸ ಅಲ್ಲ, ಅಲ್ವಾ? ನಾನು ಕಂಡ ಧೈರ್ಯಗಳಲ್ಲಿ ಅದನ್ನು ದೊಡ್ಡದು ಅನ್ನುತ್ತೇನೆ.

ಓದು ಮುಗಿಸಿ ನಾನು ಬ್ಯಾಂಕಿನ ಕೃಷಿ ಸಾಲದ ವಿಭಾಗಕ್ಕೆ ಸೇರಿದೆ. ಗೆರೆ ಅಲ್ಲಿಗೂ ಬಂತು. ಕಂತು ಬಂದಿಲ್ಲ, ಇದು ಕಂಡದ್ದು. ಕಟ್ಟುವ ಮನಸ್ಸಿಲ್ಲ, ಇದು ಅಂದುಕೊಂಡದ್ದು. ಈ ಎರಡರ ನಡುವೆ ಏನೇನೋ ಇರುತ್ತದೆ. ಈರುಳ್ಳಿ ದರ ಬಿದ್ದಿದೆ, ನಾಲ್ಕು ದಿನ ಕಾಯೋಣ ಅಂತ ಮಾಲು ಇಟ್ಟುಕೊಂಡು ಕೂತಿರುತ್ತಾರೆ. ಮನೆಯಲ್ಲಿ ಯಾರದೋ ಆಪರೇಷನ್ ಆಗಿರುತ್ತದೆ. ಒಂದು ಸಲವಂತೂ ಕಟ್ಟಿದ ಹಣ ಬೇರೆ ಖಾತೆಗೆ ಜಮೆಯಾಗಿ, ಆ ಮನುಷ್ಯ ನೋಟಿಸ್ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ಕಟ್ಟುವ ಮನಸ್ಸಿಲ್ಲದವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅದು ಮನೆಗೆ ಹೋಗಿ ಕೂತು ಮಾತಾಡಿದ ಮೇಲೆ ತಿಳಿಯಬೇಕಾದ ಸಂಗತಿ. ಮನೆಯಲ್ಲೂ ಹಾಗೇ. ಮಗಳು ಊಟಕ್ಕೆ ಬರಲಿಲ್ಲ ಅಂದರೆ ಸಿಟ್ಟು ಮಾಡಿಕೊಂಡಿದ್ದಾಳೆ ಅಂತ ನಾವೇ ತೀರ್ಮಾನ ಮಾಡಿ, ನಾವೂ ಸಿಟ್ಟಾಗಿ ಕೂತುಬಿಡುತ್ತೇವೆ. ಬಾಗಿಲು ತಟ್ಟಿ ಕೇಳಿದರೆ ಹಲ್ಲು ನೋವು ಇರುತ್ತದೆ.

ಈ ವರ್ಷ ರಾವೆಗೆ ಹೊರಟಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಪ್ರಶ್ನಾವಳಿ ಹಿಡಿದು ಹೋದರೆ ಕಟ್ಟೆಯ ಮೇಲಿನ ಗಂಡಸರೇ ಮೊದಲು ಸಿಗುತ್ತಾರೆ. ಅವರಷ್ಟೇ ಉತ್ತರ ಕೊಟ್ಟರೆ ಅರ್ಧ ಹೊಲ ನಿಮಗೆ ಕಾಣುವುದಿಲ್ಲ. ಕಳೆ ತೆಗೆಯುವವರು, ಕುಡಿ ಚಿವುಟುವವರು, ಬೇವಿನ ಎಲೆ ಬೆರೆಸಿ ಬೀಜ ಕಾಪಿಡುವವರು ಒಳಗೆ ಇರುತ್ತಾರೆ. ಅಡುಗೆ ಮನೆಯ ಹೊಸ್ತಿಲ ತನಕ ಹೋಗಿ ಕೇಳಿ. ನಿಮ್ಮ ಗುಂಪಿನ ಹುಡುಗಿಯರನ್ನು ಬರೀ ಬರೆದುಕೊಳ್ಳಲು ಕೂರಿಸಬೇಡಿ, ಅವರಿಗೆ ಆ ಮನೆಗಳ ಒಳಗೆ ದಾರಿ ಸುಲಭ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಚೆಲ್ಲುವ ಪೂಜೆಗೆ, ಯಾರಾದರೂ ಕರೆದರೆ ತಪ್ಪದೆ ಹೋಗಿ. ಅವತ್ತು ಮನೆಮಂದಿಯೆಲ್ಲ ಹೊಲದಲ್ಲೇ ಇರುತ್ತಾರೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಬಡಿಸುತ್ತಾ ಅವರು ತಾವಾಗಿಯೇ ಹೊಲದ ಸುದ್ದಿ ತೆಗೆಯುತ್ತಾರೆ. ವಹಿ ಜೊತೆಗಿರಲಿ, ಊಟ ಮುಗಿದ ಮೇಲೆ ಬರೆದುಕೊಂಡರಾಯಿತು.