ಬೋರ್ ನೀರು, ಆಸಿಡ್ ಕ್ಯಾನ್ ಮತ್ತು ಒಂದು ವಾಶ್‌ಬೇಸಿನ್ ಗೋಡೆ

ಸೈಟ್‌ನಲ್ಲಿ ಆಸಿಡ್ ಕ್ಯಾನ್ ಕಂಡರೆ ಈಗಲೂ ನನಗೆ ಸಿಟ್ಟು ಬರುತ್ತದೆ. ಟೈಲ್ಸ್ ಕೆಲಸ ಮುಗಿದ ಮೇಲೆ ಆಸಿಡ್ ಹಾಕಿ ತೊಳೆಯುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿದೆ. ವಿಟ್ರಿಫೈಡ್ ಟೈಲ್ಸ್ ಹೇಗೋ ತಡೆದುಕೊಳ್ಳುತ್ತದೆ. ಅಲ್ಲೂ ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಹಾಳಾಗುತ್ತದೆ, ಆದರೆ ಅದು ಗೊತ್ತಾಗುವಷ್ಟರಲ್ಲಿ ಮೇಸ್ತ್ರಿ ಬೇರೆ ಊರಿನ ಸೈಟ್‌ನಲ್ಲಿರುತ್ತಾನೆ. ಮಾರ್ಬಲ್ ಹಾಗಲ್ಲ. ಅದು ನಿಂತ ನಿಲುವಿನಲ್ಲೇ ಹೋಗುತ್ತದೆ.

ನಾನು ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಟೈಲ್ಸ್ ಶೋರೂಂನಲ್ಲಿ ಸೆಲೆಕ್ಷನ್ ನೋಡಿಕೊಳ್ಳುತ್ತೇನೆ. ಬೇಕಾದಾಗ ಸೈಟ್‌ಗೂ ಹೋಗುತ್ತೇನೆ. ಮೊಸಾಯಿಕ್, ಅಂದರೆ ಸಣ್ಣ ಸಣ್ಣ ಪೀಸ್‌ಗಳನ್ನು ಜಾಲರಿಗೆ ಅಂಟಿಸಿದ ಶೀಟ್‌ಗಳ ವಿಭಾಗ ನನ್ನದೇ. ಚಿತ್ರದುರ್ಗದಿಂದ ಗಂಡ ಹೆಂಡತಿ ಇಬ್ಬರು ಬಂದಿದ್ದರು. ಹೊಸ ಮನೆ. ಊಟದ ಹಾಲ್‌ನಲ್ಲಿ ವಾಶ್‌ಬೇಸಿನ್ ಹಿಂದಿನ ಗೋಡೆಗೆ ಹೈಲೈಟರ್, ಅಂದರೆ ಎದ್ದು ಕಾಣುವ ಅಲಂಕಾರದ ಟೈಲ್ಸ್, ಬೇಕಿತ್ತು. ಫೋನ್‌ನಲ್ಲಿ ಒಂದು ಫೋಟೋ ತೋರಿಸಿದರು. ನಮ್ಮಲ್ಲಿ ಅದಕ್ಕೆ ತೀರಾ ಹತ್ತಿರದ ಶೀಟ್ ಇತ್ತು. ಒಂದೇ ಜಾಲರಿಯ ಮೇಲೆ ತಿಳಿ ಹಸಿರು ಗಾಜಿನ ಪಟ್ಟಿ, ಅದರ ಪಕ್ಕ ಪಾಲಿಶ್ ಮಾಡಿದ ಬಿಳಿ ಮಾರ್ಬಲ್ ಪಟ್ಟಿ, ಮತ್ತೆ ಗಾಜು. ಎರಡೂ 8 ಎಂಎಂ ದಪ್ಪ. ಡಿಸ್ಪ್ಲೇ ಲೈಟ್ ಕೆಳಗೆ ಆ ಶೀಟ್ ಹಿಡಿದರೆ ಯಾರಿಗಾದರೂ ಇಷ್ಟವಾಗುತ್ತದೆ. ನನಗೂ ಇಷ್ಟ.

ಅಳತೆ ಕೇಳಿದೆ. ಬಜೆಟ್ ಕೇಳಿದೆ. ಗೋಡೆಗೆ ಯಾವ ಬಣ್ಣ ಬರುತ್ತದೆ ಅಂತ ಕೇಳಿದೆ. "ಅಮ್ಮಾ, ಇದರಲ್ಲಿ ಮಾರ್ಬಲ್ ಇದೆ, ಸ್ವಲ್ಪ ಜೋಪಾನ" ಅಂತಲೂ ಹೇಳಿದೆ. ಅವರು ನಕ್ಕು, "ಕೋಟೆ ಊರಿನವರಿಗೆ ಕಲ್ಲಿನ ಭಯ ಯಾಕಪ್ಪ?" ಅಂದರು. ಮಾತು ಅಲ್ಲಿಗೇ ಮುಗಿಯಿತು. ಮುಗಿಯಬಾರದಿತ್ತು. ಚಿತ್ರದುರ್ಗದ ಕೋಟೆಯ ಬಂಡೆ ಗ್ರಾನೈಟ್ ಜಾತಿಯದು. ಅದರ ಮೇಲೆ ನಿಂಬೆರಸ ಹಾಕಿದರೂ ಏನೂ ಆಗುವುದಿಲ್ಲ. ಮಾರ್ಬಲ್ ಸುಣ್ಣದ ಜಾತಿ. ಹುಳಿ ತಾಗಿದರೆ ಅದರ ಪಾಲಿಶ್ ಸತ್ತುಹೋಗುತ್ತದೆ. ಕಡಪ ಕಲ್ಲು, ಶಹಾಬಾದ್ ಕಲ್ಲು, ಕೋಟಾ ಕಲ್ಲು ಕೂಡ ಸುಣ್ಣದ ಕಲ್ಲುಗಳೇ. ಕಡಪ ಕಪ್ಪಗಿದೆ, ಗಟ್ಟಿಯಿದೆ ಅಂತ ಜನ ಅದರ ಮೇಲೆ ಧೈರ್ಯವಾಗಿ ಆಸಿಡ್ ಸುರಿಯುತ್ತಾರೆ.

ನಾನು ಕೇಳದೆ ಬಿಟ್ಟಿದ್ದು ನೀರಿನ ವಿಷಯ. ಚಿತ್ರದುರ್ಗ ನಗರಕ್ಕೆ ಶಾಂತಿಸಾಗರದ ನೀರು ಬರುತ್ತದೆ, ವಾಣಿವಿಲಾಸ ಸಾಗರದ್ದೂ ಬರುತ್ತದೆ. ಅದು ನನ್ನ ತಲೆಯಲ್ಲಿತ್ತು. ಆ ಮನೆ ಇದ್ದದ್ದು ಊರಾಚೆಯ ಹೊಸ ಲೇಔಟ್‌ನಲ್ಲಿ. ಅಲ್ಲಿ ಪೂರ್ತಿ ಬೋರ್ ನೀರು. ನಮ್ಮ ಸೀಮೆಯ ಬೋರ್ ನೀರು ಹೇಗಿರುತ್ತದೆ ಅಂತ ಗೀಸರ್ ಬಿಚ್ಚಿದವರಿಗೆ ಗೊತ್ತು. ಒಳಗೆ ಕಾಯಿಲ್‌ಗೆ ಬಿಳಿ ಪದರ ಕಟ್ಟಿರುತ್ತದೆ. ನಲ್ಲಿಯ ಬುಡ, ಬಕೆಟ್ಟಿನ ಅಂಚು, ಎಲ್ಲ ಕಡೆ ಅದೇ. ಗಾಜಿನ ಮೇಲೆ ಆ ನೀರಿನ ಒಂದು ಹನಿ ಒಣಗಿದರೆ ಸಾಕು, ದುಂಡಗೆ ಒಂದು ಬಿಳಿ ಕಲೆ ಉಳಿಯುತ್ತದೆ. ಆ ಕಲೆಯೂ ಸುಣ್ಣವೇ. ಅದು ಹೋಗಬೇಕಾದರೆ ಹುಳಿ ಬೇಕು.

ಅಂದರೆ ಒಂದೇ ಶೀಟ್‌ನಲ್ಲಿ ಗಾಜಿನ ಕಲೆ ತೆಗೆಯಲು ಹುಳಿ ಬೇಕು, ಪಕ್ಕದ ಕಲ್ಲಿಗೆ ಹುಳಿ ತಾಗಬಾರದು. ಮನೆಯಲ್ಲಿ ದಿನಾ ಒರೆಸುವವರು ಇವೆರಡನ್ನೂ ಒಟ್ಟಿಗೆ ಹೇಗೆ ನಿಭಾಯಿಸಬೇಕು? ಈ ಪ್ರಶ್ನೆಯನ್ನು ಸೆಲೆಕ್ಷನ್ ದಿನವೇ ಮಾತಾಡಬೇಕಿತ್ತು.

ಹಾಕುವ ಕೆಲಸದಲ್ಲಿ ಒಂದು ಮಾತೂ ಆಡುವ ಹಾಗಿರಲಿಲ್ಲ. ಮೊಸಾಯಿಕ್ ಮೇಸ್ತ್ರಿ ನಾವೇ ಕಳಿಸಿದವರು, ಒಳ್ಳೆ ಕೈ. ಬೂದು ಗಮ್ ಹಾಕಿದರೆ ಗಾಜಿನ ಬಣ್ಣವೇ ಮಂಕಾಗುತ್ತದೆ, ಅದಕ್ಕೆ ಬಿಳಿ ಪಾಲಿಮರ್ ಗಮ್ ತರಿಸಿದ್ದರು. ಹಲ್ಲಿನ ಕರಣೆಯಲ್ಲಿ ಗೀರು ಎಳೆದು, ಮತ್ತೆ ಕರಣೆಯ ಚಪ್ಪಟೆ ಬದಿಯಿಂದ ಸವರಿ ಸಮ ಮಾಡಿದ್ದರು. ಹಾಗೆ ಮಾಡದಿದ್ದರೆ ಗಾಜಿನ ಹಿಂದೆ ಗೀರುಗಳು ಕಾಣುತ್ತವೆ. ಗ್ರೌಟ್‌ಗೆ ಮೊದಲು ಮಾರ್ಬಲ್‌ಗೆ ಸೀಲರ್ ಕೊಟ್ಟಿದ್ದರು. ಮರಳಿಲ್ಲದ ಗ್ರೌಟ್ ಹಾಕಿ, ಒದ್ದೆ ಸ್ಪಂಜಿನಲ್ಲಿ ಒರೆಸಿ, ಎಲ್ಲ ಚೊಕ್ಕ ಮಾಡಿ ಹೋಗಿದ್ದರು.

ಗೃಹಪ್ರವೇಶದ ಹಿಂದಿನ ದಿನ ನಾನು ಬೇರೆ ಅಳತೆಗೆ ಚಿತ್ರದುರ್ಗಕ್ಕೆ ಹೋಗಿದ್ದೆ. ಗೋಡೆಯ ಫೋಟೋ ತೆಗೆದುಕೊಳ್ಳೋಣ ಅಂತ ಆ ಮನೆಗೂ ಹೋದೆ. ಹೊರಗೆ ಚಪ್ಪರ ಕಟ್ಟುತ್ತಿದ್ದರು. ಅಡುಗೆಯವರ ಪಾತ್ರೆ, ಸಾಮಾನು ಬಂದು ಇಳಿಯುತ್ತಿತ್ತು. ಬಾಗಿಲು ದಾಟುತ್ತಿದ್ದ ಹಾಗೆ ಮೂಗಿಗೆ ಆಸಿಡ್ ವಾಸನೆ ಹೊಡೆಯಿತು.

ನೆಲದ ಕಾಂಟ್ರಾಕ್ಟರ್ ಕಡೆಯ ಹುಡುಗ ಹಾಲ್ ತೊಳೆಯುತ್ತಿದ್ದ. ಬೇಸಿನ್‌ಗೆ ನೀರಿನ ಟೆಸ್ಟಿಂಗ್ ಆಗಿತ್ತು. ನಲ್ಲಿ ಸುತ್ತ ಹನಿ ಒಣಗಿ ಗಾಜಿನ ಮೇಲೆ ಬಿಳಿ ಚುಕ್ಕೆ ಎದ್ದಿದ್ದವು. ಅದನ್ನು ಕಂಡು ಆ ಹುಡುಗ ನೆಲದ ಬಕೆಟ್ಟಿಗೇ ಸ್ಪಂಜು ಅದ್ದಿ ಗೋಡೆಗೆ ಹಿಂಡಿದ್ದ. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಹೇಳಿದ್ದೆಲ್ಲ ಮೇಸ್ತ್ರಿಗೆ, ಮನೆಯವರಿಗೆ. ಬಕೆಟ್ ಇದ್ದದ್ದು ಇವನ ಕೈಯಲ್ಲಿ.

ಹತ್ತಿರ ಹೋಗಿ ನೋಡಿದೆ. ಗಾಜಿನ ಪಟ್ಟಿಗಳ ಮೇಲೆ ನೀರು ಸುಮ್ಮನೆ ಇಳಿಯುತ್ತಿತ್ತು. ಮಾರ್ಬಲ್ ಪಟ್ಟಿಗಳ ಮೇಲೆ ಮಾತ್ರ ಸಣ್ಣ ಸಣ್ಣ ಗುಳ್ಳೆ. ಕಿವಿ ಕೊಟ್ಟರೆ ಸುಯ್ಯ್ ಅಂತ ಸದ್ದು.

"ಏ ತಮ್ಮಾ, ನಿಲ್ಲಿಸೋ! ನೀರು ತಾ, ನೀರು!"

ಬೇಸಿನ್ ನಲ್ಲಿ ತಿರುಗಿಸಿದೆ. ನೀರಿಲ್ಲ. ಪ್ಲಂಬರ್ ಬಾಟಲ್ ಟ್ರ್ಯಾಪ್ ಬದಲಿಸಲು ಲೈನ್ ಬಂದ್ ಮಾಡಿದ್ದ. ಹೊರಗೆ ಕ್ಯೂರಿಂಗ್ ಡ್ರಮ್ಮಿನಲ್ಲಿ ನೀರಿತ್ತು. ನಾನು, ಹುಡುಗ, ಚಪ್ಪರದವರೊಬ್ಬರು ಸೇರಿ ಮಗ್ಗು, ಕೊಡ ಸಿಕ್ಕಿದ್ದರಲ್ಲಿ ತಂದು ಸುರಿದೆವು. ಮೇಲಿನಿಂದ ಸುರಿದ ಹಾಗೆಲ್ಲ ಮೇಲಿದ್ದ ಆಸಿಡ್ ಕೆಳಗಿನ ಸಾಲುಗಳ ಮೇಲೆ ಇಳಿಯುತ್ತಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು, ಆದರೆ ಬೇರೆ ದಾರಿಯಿರಲಿಲ್ಲ. ಅಡುಗೆಯವರ ಹತ್ತಿರ ಓಡಿದೆ. "ಅಣ್ಣಾ, ಅಡುಗೆ ಸೋಡಾ ಕೊಡಿ, ಬೇಗ." ಅವರು ಏನು ಎತ್ತ ಅಂತ ಕೇಳದೆ ಪೊಟ್ಟಣ ಕೊಟ್ಟರು. ನೀರಿಗೆ ಕಲಸಿ ಗೋಡೆಗೆ ಎರಚಿದೆ. ಇನ್ನೊಮ್ಮೆ ನೊರೆ ಎದ್ದಿತು, ಆಮೇಲೆ ನಿಂತಿತು. ಬಟ್ಟೆ ಒತ್ತಿ ಒರೆಸಿದೆವು.

ಒರೆಸಿ ನೋಡಿದರೆ ಗೋಡೆ ಫಳಫಳ. ಮಾರ್ಬಲ್ ಬಿಳಿ, ಗಾಜು ಹಸಿರು, ಒಂದು ಕಲೆಯೂ ಇಲ್ಲ. ಅಷ್ಟರಲ್ಲಿ ಅಮ್ಮ ಓಡಿ ಬಂದರು.

"ಏನಾಯ್ತಪ್ಪ?"

"ಏನೂ ಆಗಿಲ್ಲ ಅಮ್ಮ. ಬೇಗ ಗೊತ್ತಾಯ್ತು. ಸರಿಯಾಗಿದೆ."

ಅವರು ಸಮಾಧಾನದಿಂದ ಒಳಗೆ ಹೋದರು. ಒದ್ದೆ ಮಾರ್ಬಲ್ ಯಾವಾಗಲೂ ಹೊಳೆಯುತ್ತದೆ. ಸವೆದ ಜಾಗವನ್ನು ನೀರು ತುಂಬಿ ಮುಚ್ಚುತ್ತದೆ. ಇಷ್ಟು ವರ್ಷ ಕಲ್ಲು ಮಾರುವವನಿಗೆ ಅದು ಗೊತ್ತಿರಬೇಕು, ಗೊತ್ತಿತ್ತು ಕೂಡ. ಆದರೆ ಆ ಗಾಬರಿಯಲ್ಲಿ ಕಣ್ಣಿಗೆ ಕಂಡಿದ್ದನ್ನೇ ನಂಬಿದೆ. ಪೇಂಟಿಂಗ್‌ನವರ ಫ್ಯಾನ್ ಅಲ್ಲೇ ತಿರುಗುತ್ತಿತ್ತು. ಗೋಡೆ ಮೇಲಿನಿಂದ ಒಣಗುತ್ತ ಬಂತು. ಮೇಲಿನ ಪಟ್ಟಿಗಳಲ್ಲಿ ಬಲ್ಬಿನ ಬಿಂಬ ಚೂಪಾಗಿ ಕಾಣುತ್ತಿತ್ತು. ನಲ್ಲಿಯ ಮಟ್ಟಕ್ಕೆ ಬರುವಷ್ಟರಲ್ಲಿ ಆ ಬಿಂಬ ಗಾಜಿನಲ್ಲಿ ಇದೆ, ಮಾರ್ಬಲ್‌ನಲ್ಲಿ ಇಲ್ಲ. ಬೆರಳಾಡಿಸಿದೆ. ಮೇಲೆ ನುಣುಪು. ಕೆಳಗೆ ಸೀಮೆಸುಣ್ಣ ಮುಟ್ಟಿದ ಹಾಗೆ ಒರಟು.

ಅಮ್ಮ ಮತ್ತೆ ಬಂದು ನೋಡಿದರು. ಕೂಗಾಡಲಿಲ್ಲ. "ಏನೂ ಆಗಿಲ್ಲ ಅಂದಿದ್ದೆ ಅಲ್ವಾ?" ಅಂದರು, ಅಷ್ಟೇ. ಆ ಮಾತು ಇನ್ನೂ ಚುಚ್ಚುತ್ತದೆ. "ಒಣಗಲಿ ಅಮ್ಮ, ಆಮೇಲೆ ಹೇಳುತ್ತೇನೆ" ಅಂದಿದ್ದರೆ ಗೋಡೆ ಉಳಿಯುತ್ತಿರಲಿಲ್ಲ, ನಿಜ. ಆದರೆ ಅವರಿಗೆ ನನ್ನ ಮಾತಿನ ಮೇಲೆ ನಂಬಿಕೆ ಉಳಿಯುತ್ತಿತ್ತು.

ಬರೀ ಮಾರ್ಬಲ್ ಗೋಡೆಯಾಗಿದ್ದರೆ ದಾರಿ ಇತ್ತು. ಡೈಮಂಡ್ ಪ್ಯಾಡ್ ಹಿಡಿದು ಇಡೀ ಗೋಡೆಯನ್ನು ಮ್ಯಾಟ್ ಫಿನಿಶ್‌ಗೆ ತರಬಹುದಿತ್ತು. ಕಲೆ ಎಲ್ಲ ಒಂದಾಗಿ ಮರೆಯಾಗುತ್ತಿತ್ತು. ದಾವಣಗೆರೆಯಿಂದ ಪಾಲಿಶ್‌ನವರನ್ನು ಕರೆಸಿದೆವು. ಅವರು ಶೀಟ್ ನೋಡಿದವರೇ ಮೆಷೀನ್ ಇಳಿಸಲೇ ಇಲ್ಲ. "ಪ್ಯಾಡ್ ಇಟ್ಟರೆ ಗಾಜು ಗೀರು ಬೀಳುತ್ತೆ ಸರ್" ಅಂದರು. ಸರಿಯಾದ ಮಾತು. ಗಾಜನ್ನು ತೊಳೆದ ಆಸಿಡ್ ಕಲ್ಲನ್ನು ತಿಂದಿತು. ಕಲ್ಲನ್ನು ಉಳಿಸುವ ಪ್ಯಾಡ್ ಗಾಜನ್ನು ತಿನ್ನುತ್ತದೆ. ಸೀಲರ್ ಕೊಟ್ಟಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಎಣ್ಣೆ, ಅರಿಶಿನದ ಕಲೆ ಕಲ್ಲಿನ ಒಳಗೆ ಇಳಿಯುವುದನ್ನು ಸೀಲರ್ ನಿಧಾನ ಮಾಡುತ್ತದೆ. ಆಸಿಡ್‌ಗೆ ಅದು ಅಡ್ಡ ಬರುವುದಿಲ್ಲ.

ಗೃಹಪ್ರವೇಶ ಹಾಗೇ ಆಯಿತು. ಆಮೇಲೆ ಕೆಳಗಿನ ಸಾಲು ಕಿತ್ತೆವು. ಗಮ್ ಚೆನ್ನಾಗಿ ಹಿಡಿದಿತ್ತು, ಪ್ಲಾಸ್ಟರ್ ಸಮೇತ ಎದ್ದು ಬಂತು. ಹೊಸ ಶೀಟ್ ಹಾಕೋಣ ಅಂದರೆ ಲಾಟ್ ಬೇರೆ. ಕಲ್ಲು ಅಲ್ವಾ, ಗಣಿಯಿಂದ ಬಂದ ಹಾಗೆ ಬರುತ್ತದೆ. ಹೊಸ ಲಾಟಿನ ಬಿಳಿಯಲ್ಲಿ ಬೂದು ಎಳೆ ಜಾಸ್ತಿ. ಮೊದಲೇ 10 ಪರ್ಸೆಂಟ್ ಜಾಸ್ತಿ ತೆಗೆದುಕೊಳ್ಳಿ ಅಂತ ನಾನು ಹೇಳಿದ್ದೆ. ಬಿಲ್ಲಿಂಗ್‌ನಲ್ಲಿ "ರಿಟರ್ನ್ ಇಲ್ಲ" ಅಂದ ಕೂಡಲೇ ಅವರು ಕಡಿಮೆ ಮಾಡಿಸಿಕೊಂಡಿದ್ದರು. ಒಡೆಯದ ಬಾಕ್ಸ್ ವಾಪಸ್ ತೆಗೆದುಕೊಂಡರೆ ನಮ್ಮ ಆಫೀಸಿನ ಗಂಟೇನು ಹೋಗುತ್ತದೆ? ಇದನ್ನು ಮೀಟಿಂಗ್‌ಗಳಲ್ಲಿ ಕೇಳುತ್ತಲೇ ಇದ್ದೇನೆ. ಕೊನೆಗೆ ನಲ್ಲಿಯಿಂದ ಕೆಳಗೆ ಬರೀ ಹಸಿರು ಗಾಜು ಹಾಕಿದೆವು. ಮೇಲೆ ಉಳಿದಿದ್ದ ಹಳೆಯ ಸಾಲು ಹಾಗೇ ಬಿಟ್ಟು ನಡುವೆ ಸ್ಟೀಲ್ ಪ್ರೊಫೈಲ್ ಕೊಟ್ಟೆವು. ಲೇಬರ್ ಖರ್ಚು ನೆಲದ ಕಾಂಟ್ರಾಕ್ಟರ್ ಕೊಟ್ಟರು. ಗಾಜಿನ ದುಡ್ಡು ನಮ್ಮ ಆಫೀಸಿನವರು ಮನೆಯವರಿಂದಲೇ ತೆಗೆದುಕೊಂಡರು. ಅದು ನ್ಯಾಯ ಅಂತ ನನಗೆ ಇವತ್ತಿಗೂ ಅನಿಸಿಲ್ಲ.

ಈಗ ಯಾರೇ ಬಂದರೂ ಬಣ್ಣಕ್ಕಿಂತ ಮೊದಲು ನೀರು ಕೇಳುತ್ತೇನೆ. ಬೋರ್ ನೀರಾದರೆ ಬೇಸಿನ್, ಶವರ್, ಸಿಂಕ್ ಹತ್ತಿರ ಗಾಜು-ಮಾರ್ಬಲ್ ಸೇರಿದ ಶೀಟ್ ಬೇಡ ಅಂತ ನೇರವಾಗಿ ಹೇಳುತ್ತೇನೆ. ಅಲ್ಲಿಗೆ ಬರೀ ಗಾಜು ಸಾಕು, ಅದೂ ತಿಳಿ ಬಣ್ಣ. ಕಡು ನೀಲಿ, ಕಪ್ಪು ಗಾಜಿನ ಮೇಲೆ ಪ್ರತಿ ಹನಿಯೂ ಎದ್ದು ಕಾಣುತ್ತದೆ. ಮಾರ್ಬಲ್ ಬೇಕೇಬೇಕು ಅಂದರೆ ಟಿವಿ ಗೋಡೆ ಇದೆ, ಮೆಟ್ಟಿಲ ಪಕ್ಕದ ಗೋಡೆ ಇದೆ. ದೇವರ ಮನೆಯ ಗೋಡೆಗೂ ಹಾಕಬಹುದು. ಆದರೆ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ತಿಕ್ಕುವುದು ಅಲ್ಲಿ ಬೇಡ.

ಎರಡನೇ ಪ್ರಶ್ನೆ, ಮನೆಯಲ್ಲಿ ಒರೆಸುವವರು ಯಾರು? ಸಾಧ್ಯವಾದರೆ ಅವರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ. ಪೀಸ್ ಸಣ್ಣದಾದಷ್ಟೂ ಜಾಯಿಂಟ್ ಜಾಸ್ತಿ. ಒಂದು ಅಡಿಯ ಶೀಟ್‌ನಲ್ಲಿ 48 ಎಂಎಂ ಪೀಸ್ ಆದರೆ 36, 23 ಎಂಎಂ ಆದರೆ 144. ಒಲೆ ಹಿಂದೆ ಒಗ್ಗರಣೆ ಎಣ್ಣೆ ಕೂರುವುದು ಆ ಜಾಯಿಂಟ್‌ಗಳಲ್ಲೇ. ತಿಕ್ಕುವವರಿಗೆ ಅದು ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಕಲ್ಲಿನ ಶೀಟ್ ಆದರೆ ಒಂದು ಸ್ಯಾಂಪಲ್ ಪೀಸ್ ಮೇಲೆ ಕೌಂಟರ್‌ನಲ್ಲೇ ಅರ್ಧ ನಿಂಬೆಹಣ್ಣು ಹಿಂಡಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ, ಪೂರ್ತಿ ಒಣಗಿಸಿ ಲೈಟಿಗೆ ಹಿಡಿದು ತೋರಿಸುತ್ತೇನೆ. ಹೊಳಪು ಹೋಗಿದ್ದು ಕಂಡ ಮೇಲೂ ಬೇಕು ಅಂದವರಿಗೆ ಸಂತೋಷವಾಗಿ ಕೊಡುತ್ತೇನೆ. ಸ್ಯಾಂಪಲ್ ಹಾಳು ಮಾಡುತ್ತೀಯ ಅಂತ ಮ್ಯಾನೇಜರ್ ತಕರಾರು ಮಾಡಿದ್ದಾರೆ. ಮಾಡಲಿ.

ಇನ್ನೊಂದು ಬಾಕಿ ಇದೆ. ಬಾಕ್ಸ್ ಮೇಲಿನ ಎಚ್ಚರಿಕೆ ಪೂರ್ತಿ ಇಂಗ್ಲಿಷ್‌ನಲ್ಲಿದೆ, ಅದೂ ಇರುವೆ ಸಾಲಿನಂಥ ಅಕ್ಷರದಲ್ಲಿ. ಬಾಕ್ಸ್ ಹರಿದು ಎಸೆದ ಮೇಲೆ ಅದೂ ಇಲ್ಲ. ಅದಕ್ಕೆ ದಪ್ಪ ಕನ್ನಡ ಅಕ್ಷರದಲ್ಲಿ "ಈ ಗೋಡೆಗೆ ಆಸಿಡ್ ಹಾಕಬೇಡಿ" ಅಂತ ಸ್ಟಿಕ್ಕರ್ ಮಾಡಿಸಿ ಅಂತ ಆಫೀಸಿಗೆ ಬರೆದುಕೊಟ್ಟಿದ್ದೆ. ಉತ್ತರ ಬರಲಿಲ್ಲ. ನಾನೇ ಮಾಡಿಸಿದ್ದೇನೆ. ಮೇಸ್ತ್ರಿ ಹ್ಯಾಂಡ್‌ಓವರ್ ಕೊಡುವಾಗ ನಲ್ಲಿಯ ಪಕ್ಕ ಅದನ್ನು ಅಂಟಿಸಿ, ಫೋಟೋ ಕಳಿಸಿದ ಮೇಲೆಯೇ ಅವರ ಬಿಲ್ ಪಾಸ್ ಮಾಡುತ್ತೇನೆ.