ದೊಡ್ಡವ್ವನ ದನಿಗೆ ಒಂದು ಮೈಕು

ಅಕ್ಕನ ಮದುವೆ ಆಗಿದ್ದು 2003ರಲ್ಲಿ, ಹರಿಹರದ ಹತ್ತಿರ ನಮ್ಮ ಊರಲ್ಲಿ. ಆ ವಿಡಿಯೋ ಮೊದಲು ಕ್ಯಾಸೆಟ್‌ನಲ್ಲಿತ್ತು. ಟೇಪಿಗೆ ಬೂಷ್ಟು ಹಿಡಿಯೋಕೆ ಶುರುವಾದಾಗ ಸಿಡಿಗೆ ಹಾಕಿಸಿದೆವು, ಆಮೇಲೆ ಪೆನ್‌ಡ್ರೈವ್‌ಗೆ. ಅದರಲ್ಲಿ ಮದುಮಗಳಿಗೆ ನೀರೆರೆಯೋ ಸುರಗಿ ಶಾಸ್ತ್ರ ಬರುತ್ತೆ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು ನೂಲು ಸುತ್ತಿದ್ದಾರೆ, ನಡುವೆ ಅಕ್ಕ ಕೂತಿದ್ದಾಳೆ. ಪಕ್ಕದಲ್ಲೇ ನಮ್ಮಜ್ಜಿ ಸೋಬಾನೆ ಪದ ಹೇಳ್ತಿದ್ದಾಳೆ. ಆದರೆ ಕೇಳಿಸೋದು ಸಿನಿಮಾ ಹಾಡು. ಎಡಿಟ್ ಮಾಡುವಾಗ ಅಲ್ಲಿದ್ದ ದನಿಯನ್ನೆಲ್ಲ ಅಳಿಸಿ ಮೇಲೆ ಹಾಡು ಕೂರಿಸಿದ್ದರು. ಅಜ್ಜಿಯ ಬಾಯಿ ಆಡುತ್ತೆ, ದನಿ ಇಲ್ಲ. ಆಗ ನಾವು ನೋಡಿದ ಮದುವೆ ವಿಡಿಯೋಗಳೆಲ್ಲ ಹಾಗೇ ಇರ್ತಿದ್ದವು, ಯಾರಿಗೂ ತಪ್ಪು ಅನಿಸಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಅನಿಸಿತು.

ಅಜ್ಜಿಯ ಪದಗಳು ಈಗ ಗೊತ್ತಿರೋದು ದೊಡ್ಡವ್ವನಿಗೆ ಮಾತ್ರ. ಅವಳಿಗೆ 74 ವರ್ಷ. ನನ್ನ ಮದುವೆ ಗೊತ್ತಾದಾಗ ಸೀರೆಗಿಂತ, ಛತ್ರಕ್ಕಿಂತ ಮೊದಲು ನನ್ನ ತಲೆಯಲ್ಲಿ ಬಂದಿದ್ದು ಇದು. ಒಂದು ಭಾನುವಾರ ವಿಡಿಯೋ ತೆಗೆಯೋರನ್ನ ಹುಡುಕಿಕೊಂಡು ಅಣ್ಣನ ಬೈಕ್ ಹತ್ತಿ ದಾವಣಗೆರೆಗೆ ಹೊರಟೆ.

ಮೊದಲು ಹೋಗಿದ್ದು ಪಿ.ಜೆ. ಬಡಾವಣೆ ಕಡೆಯ ಒಂದು ದೊಡ್ಡ ಸ್ಟುಡಿಯೋಗೆ. ಗೋಡೆಯಗಲದ ಟಿವಿಯಲ್ಲಿ ಮೂರು ನಿಮಿಷದ ಟೀಸರ್ ಹಾಕಿದರು. ನಿಜ ಹೇಳಬೇಕಂದ್ರೆ ತುಂಬಾ ಚೆನ್ನಾಗಿತ್ತು. ಡ್ರೋನ್ ಮೇಲೇರುತ್ತೆ, ಅಕ್ಷತೆ ನಿಧಾನವಾಗಿ ಬೀಳುತ್ತೆ, ಹುಡುಗಿ ತಿರುಗಿ ನೋಡ್ತಾಳೆ. ಅಣ್ಣ ಅಲ್ಲೇ ಮರುಳಾದ. ನಾನು, "ಯಾವುದಾದ್ರೂ ಒಂದು ಮದುವೇದು ಪೂರ್ತಿ ವಿಡಿಯೋ ತೋರಿಸ್ತೀರಾ?" ಅಂದೆ. "ಪೂರ್ತಿ ಯಾರು ನೋಡ್ತಾರೆ ಮೇಡಂ, ಈಗೆಲ್ಲ ಟೀಸರ್ರೇ" ಅಂದು ಇನ್ನೊಂದು ಟೀಸರ್ ಹಾಕಿದರು. ನಮ್ಮ ಮದುವೆಗೆ ಯಾರು ಬರ್ತೀರಿ ಅಂದರೆ, "ನಮ್ಮ ಹುಡುಗ್ರು ಬರ್ತಾರೆ." ಯಾವ ಹುಡುಗರು ಅಂತ ಅವರಿಗೂ ಗೊತ್ತಿರಲಿಲ್ಲ. ಲಗ್ನದ ಸೀಸನ್‌ನಲ್ಲಿ ಒಂದೇ ದಿನ ನಾಲ್ಕೈದು ಮುಹೂರ್ತ ಒಪ್ಪಿಕೊಂಡರೆ, ಹೊರಗಿನವರನ್ನ ದಿನಗೂಲಿ ಲೆಕ್ಕದಲ್ಲಿ ಕಳಿಸ್ತಾರೆ. ಟೀಸರ್ ತೆಗೆದ ಕೈ ಬೇರೆ, ನಮ್ಮನೆಗೆ ಬರೋ ಕೈ ಬೇರೆ ಆಗಬಹುದು ಅಲ್ವಾ?

ಪ್ರೀ ವೆಡ್ಡಿಂಗ್‌ಗೆ ಚಿತ್ರದುರ್ಗದ ಕೋಟೆ ಮೇಲೆ ಡ್ರೋನ್ ಹಾರಿಸ್ತೀವಿ ಅಂತಾನೂ ಹೇಳಿದರು. ಅದು ಕೇಂದ್ರ ಪುರಾತತ್ವ ಇಲಾಖೆ ನೋಡಿಕೊಳ್ಳೋ ಕೋಟೆ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಕೇಳಿದರೆ, "ಅದೆಲ್ಲ ನಾವ್ ನೋಡ್ಕಂತೀವಿ ಬಿಡ್ರಿ" ಅಂದರು. ಎಲ್ಲ ಸೇರಿ ಒಂದು ಲಕ್ಷದ ಇಪ್ಪತ್ತು ಸಾವಿರ.

ಎರಡನೇ ಕಡೆ ಆ ತಾರೀಖು ಖಾಲಿ ಇರಲಿಲ್ಲ.

ಮಧ್ಯಾಹ್ನ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಾ ಅಣ್ಣನ ಜೊತೆ ಜಗಳವೇ ಆಯಿತು. "ಡ್ರೋನ್ ಇಲ್ದಿದ್ರೆ ಬೀಗರು ಏನಂತಾರೆ?" ಅನ್ನೋದು ಅವನ ಮಾತು. ಮನೆ ಖರ್ಚು ಹೊತ್ತವನು ಅವನೇ. ತಂಗಿ ಮದುವೆ ಚೆಂದ ಕಾಣಲಿ ಅಂತ ಅವನ ಆಸೆ, ಅದರಲ್ಲಿ ತಪ್ಪೇನಿಲ್ಲ. ಆದರೂ ನಾನು ಪಟ್ಟು ಬಿಡಲಿಲ್ಲ.

ಮೂರನೆಯದು ಮಂಡಿಪೇಟೆ ಹತ್ತಿರದ ಒಂದು ಸಣ್ಣ ರೂಮು. ಕೆಳಗೆ ಅಂಗಡಿ, ಪಕ್ಕದಲ್ಲಿ ಕಡಿದಾದ ಮೆಟ್ಟಿಲು. ನಲವತ್ತು ದಾಟಿದ ಒಬ್ಬರು ಕಂಪ್ಯೂಟರ್ ಮುಂದೆ ಕೂತಿದ್ದರು. ಪೂರ್ತಿ ವಿಡಿಯೋ ಅಂದ ಕೂಡಲೇ ಹೆಡ್‌ಫೋನ್ ತೆಗೆದು ನನ್ನ ಕೈಗೆ ಕೊಟ್ಟರು. "ಮೊದ್ಲು ಕಣ್ಣು ಮುಚ್ಚಿ ಕೇಳ್ರಿ."

ಯಾರದೋ ಹಳ್ಳಿ ಮನೆಯ ಅರಿಶಿನ. ಒರಳಿನ ಸದ್ದು ಕೇಳಿಸಿತು. ಬಳೆ ಸದ್ದು. ಒಂದು ಮಗು ನೀರು ಕೇಳಿತು. ಯಾರೋ ಹೆಂಗಸು ಗಂಟಲು ಸರಿಮಾಡಿಕೊಂಡು ಪದ ಎತ್ತಿಕೊಂಡಳು, ಹಿಂದೆಯೇ ನಾಲ್ಕು ದನಿ ಕೂಡಿದವು. ಒಂದೊಂದು ಅಕ್ಷರವೂ ಸ್ಪಷ್ಟ. ನನಗೆ ಅಲ್ಲೇ ಕಣ್ಣು ತುಂಬಿತು.

ಅವರು ಒಂದು ಚಿಕ್ಕ ಡಬ್ಬಿ ತೆರೆದರು. ಬೆಂಕಿಪೊಟ್ಟಣದಷ್ಟು ರೆಕಾರ್ಡರ್. ಎರಡು ಕಾಲರ್ ಮೈಕು, ತುದಿಗೆ ಬಟಾಣಿ ಕಾಳಿನಷ್ಟು ಕಪ್ಪು ಸ್ಪಂಜು. ಜೊತೆಗೆ ಆಸ್ಪತ್ರೆಯಲ್ಲಿ ಹಚ್ಚೋ ಬಿಳಿ ಟೇಪು. ರೇಷ್ಮೆ ಸೀರೆ ಮೈಕಿಗೆ ಉಜ್ಜಿದರೆ ಸರಸರ ಸದ್ದೇ ಜಾಸ್ತಿ ಕೇಳುತ್ತಂತೆ, ಅದಕ್ಕೆ ಸೆರಗಿನ ಒಳಮಡಿಕೆಗೆ ಟೇಪು ಹಚ್ಚಿ ಕೂರಿಸ್ತಾರೆ. "ಇಪ್ಪತ್ತಡಿ ದೂರದಿಂದ ಕ್ಯಾಮೆರಾ ಮೈಕಿಗೆ ಫ್ಯಾನು, ಜನರೇಟರು, ವಾಲಗ ಎಲ್ಲ ಒಟ್ಟಿಗೆ ಬಂದ್ಬಿಡ್ತದೆ. ದನಿ ಬೇಕಂದ್ರೆ ಬಾಯಿಂದ ಒಂದು ಗೇಣಲ್ಲಿ ಮೈಕ್ ಇರ್ಬೇಕು" ಅಂದರು. ಕ್ಯಾಮೆರಾದಲ್ಲಿ ಎರಡು ಕಾರ್ಡ್ ಇರುತ್ತೆ, ಎರಡರಲ್ಲೂ ಒಟ್ಟಿಗೇ ರೆಕಾರ್ಡ್ ಆಗುತ್ತೆ, ಒಂದು ಕೆಟ್ಟರೂ ಇನ್ನೊಂದು ಉಳಿಯುತ್ತೆ ಅಂತ ಬಿಚ್ಚಿ ತೋರಿಸಿದರು. ನಮ್ಮನೆ ಹಂದರದಲ್ಲಿ ಟ್ಯೂಬ್‌ಲೈಟಾ, ಬಲ್ಬಾ ಅಂತ ಕೇಳಿದರು. ನಮ್ಮ ಕರೆಂಟ್ 50 ಹರ್ಟ್ಜ್, ಅದಕ್ಕೆ ಸರಿಯಾಗಿ ಶಟರ್ ಇಡದಿದ್ದರೆ ವಿಡಿಯೋದಲ್ಲಿ ಬೆಳಕು ಮಿಣುಕುತ್ತಂತೆ.

ಆಮೇಲೆ ಅವರು ಕೇಳಿದ ಪ್ರಶ್ನೆಯನ್ನ ಇಡೀ ದಿನ ಬೇರೆ ಯಾರೂ ಕೇಳಿರಲಿಲ್ಲ. "ನಿಮ್ಮನೇಲಿ ಪದ ಹೇಳೋರು ಯಾರದಾರವ್ವಾ? ಎಲ್ಲಿ ಕೂರ್ತಾರೆ?"

ಅಣ್ಣ ನನ್ನ ಮುಖ ನೋಡಿದ. ಆಮೇಲೆ ಡ್ರೋನ್ ಮಾತೇ ಎತ್ತಲಿಲ್ಲ.

ಎಪ್ಪತ್ತು ಸಾವಿರಕ್ಕೆ ಒಪ್ಪಿದೆವು, ಇಪ್ಪತ್ತು ಮುಂಗಡ. ಒಂದು ಹಾಳೆಯಲ್ಲಿ ಎಲ್ಲ ಬರೆಸಿಕೊಂಡೆ. ಕ್ಯಾಮೆರಾ ಹಿಡಿಯೋದು ಅವರೇ. ಸುರಗಿಗೂ ಧಾರೆಗೂ ಮೇಲಿಂದ ಹಾಡು ಹಾಕುವಂತಿಲ್ಲ. ಎಡಿಟ್ ಮಾಡದ ಫುಟೇಜ್ ಎಲ್ಲ ನಾವು ಕೊಡೋ ಹಾರ್ಡ್‌ಡಿಸ್ಕಿಗೆ ತುಂಬಿಸಿ ಕೊಡಬೇಕು. ಅವರು ಸಹಿ ಹಾಕಿ ಒಂದು ಪ್ರತಿ ಕೊಟ್ಟರು.

ಸುರಗಿ ದಿನ ದೊಡ್ಡವ್ವ ಮೈಕ್ ಕಂಡು ಹೆದರಿದಳು. "ಕರೆಂಟ್ ಹೊಡಿತೈತೇನೋ ತಮ್ಮಾ?" ಅಂದಳು. ಅವರು ಮೊದಲು ತಮ್ಮ ಅಂಗಿಗೆ ಸಿಕ್ಕಿಸಿಕೊಂಡು ತೋರಿಸಿದರು. ಆಮೇಲೆ ಅಕ್ಕನ ಕೈಗೆ ಕೊಟ್ಟು, ಸೆರಗಿನಲ್ಲಿ ಎಲ್ಲಿ ಹಚ್ಚಬೇಕು ಅಂತ ದೂರದಿಂದಲೇ ಹೇಳಿಕೊಟ್ಟರು. ನೂಲಿನ ನಡುವೆ ಕೂತ ನನಗೆ ತಲೆ ಮೇಲೆ ಸುರಿದ ನೀರಿನ ನೆನಪಷ್ಟೇ ಉಳಿದಿದೆ, ಪದ ಸರಿಯಾಗಿ ಕೇಳಿಸಲೇ ಇಲ್ಲ.

ಎರಡು ತಿಂಗಳಿಗೆ ಹಾರ್ಡ್‌ಡಿಸ್ಕ್ ಕೈಗೆ ಬಂತು. ತವರಲ್ಲಿ ಎಲ್ಲರೂ ಕೂತು ನೋಡಿದೆವು. ದೊಡ್ಡವ್ವ ಮೂರನೇ ಸಾಲಿಗೆ ನಿಲ್ಲಿಸಿ ಪಕ್ಕದವಳಿಗೆ ಮೆಲ್ಲಗೆ, "ಮುಂದಿಂದು ಮರ್ತೈತೆ, ನಮ್ಮವ್ವ ಇದ್ದಿದ್ರೆ ಹೇಳ್ತಿದ್ಲು" ಅಂದಿದ್ದೂ ಅದರಲ್ಲಿದೆ. ಒಂದು ಗಳಿಗೆ ಬಿಟ್ಟು ತಾನೇ ನೆನಪು ಮಾಡಿಕೊಂಡು ಮುಂದಕ್ಕೆ ಹಾಡ್ತಾಳೆ.

ಅವ್ವ ಅಕ್ಕನ ಮದುವೆಯ ಹಳೇ ವಿಡಿಯೋ ಹಾಕಿಸಿದಳು. ಸದ್ದು ಪೂರ್ತಿ ತಗ್ಗಿಸು ಅಂದಳು. ಅಜ್ಜಿಯ ತುಟಿಯನ್ನೇ ನೋಡ್ತಾ ಕೂತು, ಸ್ವಲ್ಪ ಹೊತ್ತಿಗೆ, "ಇದೇ ಪದ ಕಣೇ ಅದು" ಅಂದಳು.